ಚಾಳೀಸು ಬಂದ ಸರ್ಜನ್‌ಗೆ ಲೂಪ್: ಯಾವುದು ಕೊಳ್ಳಬೇಕು, ಯಾವುದು ಬೇಡ

ನನಗೀಗ 58. ಡಯಾಲಿಸಿಸ್ ರೋಗಿಗಳ ಮಣಿಕಟ್ಟಿನಲ್ಲಿ ಆರ್ಟರಿಗೆ ವೇನ್ ಹೊಲಿದು ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಬೇಕಾದ ಜೋಡಣೆ) ಮಾಡುವುದು ನನ್ನ ಮುಖ್ಯ ಕೆಲಸ. ರಕ್ತನಾಳದ ಅಗಲ ಎರಡು-ಮೂರು ಮಿಲಿಮೀಟರ್. ಹೊಲಿಯುವ 7-0 ಪ್ರೋಲಿನ್ ದಾರ ಹೆಚ್ಚುಕಡಿಮೆ ತಲೆಗೂದಲಿನಷ್ಟೇ ದಪ್ಪ. ಚಾಳೀಸು ಬಂದ ಮೇಲೆ ಓದುವ ಕನ್ನಡಕದಲ್ಲೇ ಸ್ವಲ್ಪ ಕಾಲ ತಳ್ಳಿದೆ. ಅದು ಹತ್ತಿರಕ್ಕೆ ಮಾತ್ರ ಸರಿ, ಹಾಗಾಗಿ ಟೇಬಲ್ ಮೇಲೆ ಬಾಗಿಯೇ ಇರಬೇಕು. ಕೊನೆಗೆ ಸಿಸ್ಟರ್ ಕೇಳಿಯೇಬಿಟ್ಟರು: "ಸರ್, ಲೈಟ್ ಇನ್ನೂ ಹತ್ರ ತರ್ಲಾ?" ಲೂಪ್‌ಗೆ, ಅಂದರೆ ಕನ್ನಡಕಕ್ಕೆ ಜೋಡಿಸಿದ ಭೂತಗನ್ನಡಿಗೆ, ಆರ್ಡರ್ ಕೊಟ್ಟೆ.

ತೆಗೆದುಕೊಂಡಿದ್ದು 2.5 ಪಟ್ಟು ದೊಡ್ಡದಾಗಿ ತೋರಿಸುವ ಗೆಲಿಲಿಯನ್ (ಸರಳ ಮಸೂರಗಳ) ಲೂಪ್, ಮೇಲಕ್ಕೆ ಮಡಚುವಂಥದ್ದು. ಕನ್ನಡಕದ ಗಾಜಿನೊಳಗೇ ಕೂರಿಸಿದ ಲೂಪ್ ಹಗುರ, ಅದರಲ್ಲಿ ನೋಟವೂ ಅಗಲ. ಆದರೆ ನಮ್ಮ ವಯಸ್ಸಿನಲ್ಲಿ ನಂಬರ್ ಬದಲಾಗುತ್ತಲೇ ಇರುತ್ತೆ ಅಲ್ವಾ? ಪ್ರತಿ ಸಲ ಕಂಪನಿಗೆ ಕಳಿಸಿ ಕಾಯಬೇಕು. ನನ್ನದಕ್ಕೆ ಊರಿನ ಕನ್ನಡಕದ ಅಂಗಡಿಯವನೇ ಗಾಜು ಬದಲಿಸುತ್ತಾನೆ. ಮೂಗಿನ ಮೇಲೆ ಭಾರ ಜಾಸ್ತಿ, ಅದನ್ನು ಸಹಿಸಿಕೊಳ್ಳಬೇಕು.

3.5 ಪಟ್ಟಿನದ್ದೂ ಹಾಕಿ ನೋಡಿದೆ. ದಾರ ಚೆನ್ನಾಗಿ ಕಾಣುತ್ತೆ, ಆದರೆ ಪಕ್ಕದ ಅಸಿಸ್ಟೆಂಟ್ ಕೈ ನೋಟದಿಂದ ಆಚೆ ಹೋಗುತ್ತೆ. ತಲೆ ಸ್ವಲ್ಪ ಅಲ್ಲಾಡಿದರೆ ಫೋಕಸ್ ತಪ್ಪುತ್ತೆ. ಕೈಯ ಸಣ್ಣ ನಡುಕವೂ ದೊಡ್ಡದಾಗಿಯೇ ಕಾಣುತ್ತೆ, ಈ ವಯಸ್ಸಿನಲ್ಲಿ ಅದೊಂದು ಬೇಡ.

ನಿಜವಾಗಿ ಗಮನಿಸಬೇಕಾದ್ದು ವರ್ಕಿಂಗ್ ಡಿಸ್ಟೆನ್ಸ್, ಅಂದರೆ ಕಣ್ಣಿನಿಂದ ಗಾಯಕ್ಕೆ ಇರುವ ದೂರ. ಅಳತೆಗೆ ಬಂದ ಹುಡುಗ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಟೇಪ್ ಹಿಡಿದ. ಬಂದ ಲೂಪ್‌ನಲ್ಲಿ ಫೋಕಸ್ 40 ಸೆಂಟಿಮೀಟರಿಗೇ ಕೂಡುತ್ತಿತ್ತು. ನಾನು ಉದ್ದ ಆಳು, ನಿಂತು ಆಪರೇಟ್ ಮಾಡುವವನು. ಮತ್ತೆ ಅದೇ ಬಾಗುವಿಕೆ, ಅದೇ ಕತ್ತು ನೋವು. ಓಟಿಗೇ (ಆಪರೇಷನ್ ಥಿಯೇಟರಿಗೇ) ಕರೆದು, ಟೇಬಲ್ ಎತ್ತರ ಸರಿಮಾಡಿ, ಮತ್ತೆ ಅಳೆಸಿದೆ. 48 ಬಂತು. ಬದಲಿಸಿ ಕೊಟ್ಟರು, ಆದರೆ ತಿಂಗಳುಗಟ್ಟಲೆ ಸತಾಯಿಸಿ. ಕಂಪನಿ ಹೆಸರು ಬೇಡ ಬಿಡಿ, ಸರ್ವಿಸ್‌ಗೆ ಮಾತ್ರ ಐದಕ್ಕೆ ಎರಡು.

ತಲೆಗೆ ಹಾಕಿಕೊಳ್ಳುವ ಹೆಡ್‌ಲೈಟನ್ನೂ ಜೊತೆಗೇ ಕೊಳ್ಳಿ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತೆ, ಅಷ್ಟೇ ಬೆಳಕಿನಲ್ಲಿ ಮೊದಲಿನಷ್ಟು ಕಾಣಲ್ಲ. ಓಟಿ ಲೈಟ್ ಹತ್ತಿರ ತಂದರೆ ನಮ್ಮ ತಲೆಯ ನೆರಳೇ ಗಾಯದ ಮೇಲೆ ಬೀಳುತ್ತೆ. ಬ್ಯಾಟರಿ ಇನ್ನೊಂದು ಇಟ್ಟುಕೊಂಡಿರಿ.

ಕತ್ತು ನೇರ ಇಟ್ಟೇ ಕೆಳಗೆ ನೋಡಲು ಬಿಡುವ ಪ್ರಿಸಮ್ ಲೂಪ್ ಈಗ ಸಿಗುತ್ತೆ. ಗೆಳೆಯರೊಬ್ಬರದ್ದು ಹಾಕಿ ನೋಡಿದೆ. ಕತ್ತಿಗೆ ಸ್ವರ್ಗ. ಆದರೆ ಕಣ್ಣು ಒಂದು ಕಡೆ, ಕೈ ಒಂದು ಕಡೆ ಅನ್ನಿಸುತ್ತೆ, ಪಳಗಲು ಸಮಯ ಬೇಕು. ಬೆಲೆಯೂ ಜಾಸ್ತಿ. ನಲವತ್ತರಲ್ಲಿದ್ದರೆ ಅದನ್ನೇ ಕೊಳ್ಳುತ್ತಿದ್ದೆ. ನಮ್ಮ ಕಾಲದಲ್ಲಿ ಲೂಪ್ ಹಾಕಿದವರನ್ನು "ಏನ್ ಸಾರ್, ವಯಸ್ಸಾಯ್ತಾ?" ಅಂತ ರೇಗಿಸುತ್ತಿದ್ದರು. ಈಗಿನ ಪಿಜಿ ಹುಡುಗರು ಓದುವಾಗಲೇ ಕೊಳ್ಳುತ್ತಾರೆ, ಜಾಣರು.

ಲೂಪ್ ಕಣ್ಣಿನ ಸಮಸ್ಯೆಯನ್ನಷ್ಟೇ ನೀಗಿಸಿತು. ಮಧ್ಯಾಹ್ನ ಮೂರರ ಹೊತ್ತಿಗೆ ಸೊಂಟ ಹಿಡಿಯುವುದು ಹಾಗೇ ಇದೆ. ಸರ್ಕಾರಿ ನೌಕರಿಯಾಗಿದ್ದರೆ ನಿವೃತ್ತಿಗೆ ಒಂದು ವಯಸ್ಸು ಅಂತ ಇರುತ್ತೆ. ನಮ್ಮಂಥ ಖಾಸಗಿಯವರಿಗೆ ಸಾಕು ಅನ್ನುವವರೇ ಇಲ್ಲ. ಹಾಗಾಗಿ ಫಿಸ್ಟುಲಾ ಆಪರೇಷನ್‌ಗಳನ್ನು ಪಟ್ಟಿಯಲ್ಲಿ ಬೆಳಿಗ್ಗೆಗೇ ಹಾಕಿಸಿಕೊಳ್ಳುತ್ತೇನೆ. ಉದ್ದದ ಕೇಸ್‌ಗಳು ಈಗ ಜೂನಿಯರ್‌ಗೆ, ನಾನು ಎದುರು ನಿಂತು ಅಸಿಸ್ಟ್ ಮಾಡುತ್ತೇನೆ. ಅದಕ್ಕೂ ಇದೇ ಲೂಪ್. ವಸ್ತುವಿಗೆ ಐದಕ್ಕೆ ನಾಲ್ಕು.