ಟೈಪ್ 1 ಡಯಾಬಿಟಿಸ್, ಕೀಟೋ ಊಟ, ದೂರದ ಓಟ: ಎರಡು ವರ್ಷ ಬಳಸಿದ ಕೀಟೋನ್ ಮೀಟರ್ ಬಗ್ಗೆ

ಸೆನ್ಸರ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ತೋಳಿಗೆ ಅಂಟಿಸಿಕೊಂಡು ಫೋನಿನಲ್ಲಿ ಶುಗರ್ ನೋಡುವ ಸೆನ್ಸರ್ ನನ್ನ ಹತ್ತಿರವೂ ಇದೆ, ಅದಿಲ್ಲದೆ ನಾನು ಓಡಲು ಹೊರಡುವುದೇ ಇಲ್ಲ. ಆದರೆ ಇವತ್ತು ಬರೆಯುತ್ತಿರುವುದು ರಕ್ತದಲ್ಲಿ ಕೀಟೋನ್ (ದೇಹ ಕೊಬ್ಬು ಸುಟ್ಟಾಗ ಹುಟ್ಟುವ ವಸ್ತು) ಅಳೆಯುವ ಪುಟ್ಟ ಮೀಟರ್ ಬಗ್ಗೆ. ಟೈಪ್ 1 (ದೇಹ ತಾನೇ ಇನ್ಸುಲಿನ್ ಮಾಡದ ಸಕ್ಕರೆ ಕಾಯಿಲೆ) ಇದ್ದು, ಕೀಟೋ ಊಟ (ಕಾರ್ಬ್, ಅಂದರೆ ಅನ್ನ, ರೊಟ್ಟಿ, ಸಕ್ಕರೆಯಂಥದ್ದು ತೀರಾ ಕಡಿಮೆ, ಕೊಬ್ಬು ಹೆಚ್ಚು) ಮಾಡುತ್ತಾ, ಮೂರು ನಾಲ್ಕು ಗಂಟೆ ಓಡುವ ಅಥವಾ ಸೈಕಲ್ ತುಳಿಯುವ ಆಸೆ ಇರುವವರು ಊಟ ಬದಲಿಸುವ ಮೊದಲೇ ಇದನ್ನು ತೆಗೆದುಕೊಳ್ಳಬೇಕು. ನಾನು ಕೀಟೋ ಶುರು ಮಾಡಿ ಒಂದು ವರ್ಷ ಆದ ಮೇಲೆ ತೆಗೆದುಕೊಂಡೆ. ಅದು ತಪ್ಪು.

ನನಗೆ ಟೈಪ್ 1 ಬಂದು 11 ವರ್ಷ. ಇನ್ಸುಲಿನ್ ಪಂಪ್ ಇದೆ. ಈಗ ದಿನಕ್ಕೆ 30 ಗ್ರಾಂ ಆಸುಪಾಸು ಕಾರ್ಬ್ ತಿನ್ನುತ್ತೇನೆ, ಮೂರು ವರ್ಷದಿಂದ ಹೀಗೇ. ಕಾರಣ ತುಂಬಾ ಸರಳ. ಕಾರ್ಬ್ ಕಡಿಮೆ ಇದ್ದರೆ ಊಟಕ್ಕೆ ಹಾಕುವ ಇನ್ಸುಲಿನ್ ಕಡಿಮೆ, ಲೆಕ್ಕ ತಪ್ಪಿದರೂ ಆ ತಪ್ಪು ಸಣ್ಣದು. ಓಡುವಾಗ ಇದು ದೊಡ್ಡ ಉಪಕಾರ. ದುಡಿಯುವ ಸ್ನಾಯು ಇನ್ಸುಲಿನ್ ಸಹಾಯ ಇಲ್ಲದೆಯೂ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ, ಅದರ ಮೇಲೆ ಒಂದು ಗಂಟೆ ಹಿಂದೆ ಹಾಕಿದ ಇನ್ಸುಲಿನ್ ಕೂಡ ಕೆಲಸ ಮಾಡುತ್ತಿದ್ದರೆ ಶುಗರ್ ಸರ್ರನೆ ಇಳಿಯುತ್ತದೆ. ಮೊದಲೆಲ್ಲ ನನಗೆ ಪ್ರತಿ ಓಟದಲ್ಲೂ ಲೋ ಆಗುತ್ತಿತ್ತು, ಅಂದರೆ ಶುಗರ್ ತೀರಾ ಇಳಿಯುತ್ತಿತ್ತು. ಈಗ ಅಪರೂಪ.

ಹಾಗಂತ ಊಟ ಬದಲಿಸಿದರೆ ಇನ್ಸುಲಿನ್ ಬಿಡಬಹುದು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಇನ್ಸುಲಿನ್ ಕೊಡುವ ತನಕ ವೈದ್ಯರ ಕೈಯಲ್ಲಿ ಇದ್ದದ್ದು ಊಟ ಕಡಿಮೆ ಮಾಡುವ ದಾರಿ ಮಾತ್ರ. ಮಕ್ಕಳು ಅದರಿಂದ ಇನ್ನಷ್ಟು ತಿಂಗಳು ಬದುಕುತ್ತಿದ್ದರು, ಎಲುಬಿನ ಗೂಡಾಗಿ. ಟೈಪ್ 1ರಲ್ಲಿ ಊಟ ಇನ್ಸುಲಿನ್ನಿನ ಪ್ರಮಾಣವನ್ನು ತಗ್ಗಿಸುತ್ತದೆ, ಅದರ ಜಾಗಕ್ಕೆ ಬರುವುದಿಲ್ಲ.

ಈಗ ಮೀಟರ್ ಯಾಕೆ ಬೇಕು ಅಂತ ಹೇಳುತ್ತೇನೆ. ಕೀಟೋ ಊಟದಲ್ಲಿ ದೇಹ ಕೊಬ್ಬು ಸುಟ್ಟು ಕೀಟೋನ್ ಮಾಡುತ್ತದೆ, ಅದು ಸಹಜ. ಇನ್ಸುಲಿನ್ ಸಾಲದೆ ಹೋದಾಗಲೂ ದೇಹ ಕೀಟೋನ್ ಮಾಡುತ್ತದೆ, ಅದಕ್ಕೆ ಕಡಿವಾಣ ಇರುವುದಿಲ್ಲ, ರಕ್ತ ಆಮ್ಲೀಯವಾಗುತ್ತಾ ಹೋಗುತ್ತದೆ. ಅದೇ ಡಿಕೆಎ (ಡಯಾಬಿಟಿಕ್ ಕೀಟೋಅಸಿಡೋಸಿಸ್), ಜೀವಕ್ಕೇ ಅಪಾಯ. ಸಾಮಾನ್ಯ ಊಟ ಮಾಡುವವರಿಗೆ ಇನ್ಸುಲಿನ್ ತಪ್ಪಿದರೆ ಶುಗರ್ 300, 400 ಅಂತ ಏರಿ ಎಚ್ಚರಿಸುತ್ತದೆ. ಕಾರ್ಬ್ ತಿನ್ನದವರಿಗೆ ಶುಗರ್ ಅಷ್ಟು ಏರದೆಯೂ ಡಿಕೆಎ ಆಗಬಹುದು. ಸೆನ್ಸರ್ ಇದನ್ನು ಹೇಳುವುದಿಲ್ಲ, ಅದು ನೋಡುವುದು ಗ್ಲೂಕೋಸ್ ಮಾತ್ರ ಅಲ್ವಾ.

ಮೀಟರ್ ಬಂದು ಮೂರು ವಾರ ಆಗಿತ್ತು. ಆ ಬೆಳಿಗ್ಗೆ 28 ಕಿಲೋಮೀಟರ್ ಓಡಬೇಕಿತ್ತು. ಹಿಂದಿನ ರಾತ್ರಿ ಪಂಪಿನ ಕ್ಯಾನುಲಾ (ಇನ್ಸುಲಿನ್ನನ್ನು ಚರ್ಮದೊಳಗೆ ಬಿಡುವ ಸಣ್ಣ ಕೊಳವೆ) ಬದಲಿಸಿದ್ದೆ. ಎದ್ದಾಗ ಸೆನ್ಸರ್ 158 ತೋರಿಸುತ್ತಿತ್ತು, ಬಾಣವೂ ಅಡ್ಡಕ್ಕೇ ಇತ್ತು, ಅಂದರೆ ಶುಗರ್ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ, ಓಟಕ್ಕೆ ಮುಂಚೆ ಒಳ್ಳೆಯ ಅಂಕಿ ಅಂದುಕೊಂಡೆ. ಬಾಯಿ ಒಣಗಿತ್ತು, ಹೊಟ್ಟೆ ತೊಳಸುತ್ತಿತ್ತು, ನಿದ್ದೆ ಸಾಲದ್ದಕ್ಕೆ ಹೀಗೆ ಅಂತ ಶೂ ಕಟ್ಟಿಕೊಂಡೆ. ಹೊಸ ಮೀಟರ್ ಅಂತ ದಿನಾ ಬೆಳಿಗ್ಗೆ ಕೀಟೋನ್ ನೋಡುತ್ತಿದ್ದೆ, ಅಷ್ಟೇ ಕಾರಣಕ್ಕೆ ಅವತ್ತೂ ನೋಡಿದೆ. 2.7 ಬಂತು. ನನ್ನ ಮಾಮೂಲಿ ಬೆಳಗಿನ ಅಂಕಿ 0.6ರಿಂದ 0.9. ಕೈ ತೊಳೆದು ಇನ್ನೊಂದು ಸ್ಟ್ರಿಪ್ ಹಾಕಿದೆ, 2.8. ಕ್ಯಾನುಲಾ ಕಿತ್ತು ನೋಡಿದರೆ ತುದಿ ಮಡಚಿಕೊಂಡಿತ್ತು. ರಾತ್ರಿಯೆಲ್ಲ ಇನ್ಸುಲಿನ್ ಒಳಗೆ ಹೋಗಿಯೇ ಇರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಪಂಪ್ ನಂಬಬೇಡಿ, ಸಿರಿಂಜಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳಿ ಅಂತ ಡೋಸ್ ಹೇಳಿದರು. ಶುಗರ್ ಇಳಿದುಬಿಡಬಾರದು ಅಂತ ಜೊತೆಗೆ ಕಾರ್ಬ್ ತಿನ್ನಿ, ನೀರು ಕುಡಿಯುತ್ತಾ ಇರಿ, ಓಟ ಬೇಡವೇ ಬೇಡ, ಅಂಕಿ 3 ದಾಟಿದರೆ ಅಥವಾ ವಾಂತಿ ಆದರೆ ಕಾಯದೆ ಆಸ್ಪತ್ರೆಗೆ ಬನ್ನಿ ಅಂದರು. ಎರಡು ಗಂಟೆ ಬಿಟ್ಟು ನೋಡಿದಾಗ 1.5, ಸಂಜೆಗೆ 0.7. ಆ ಸ್ಥಿತಿಯಲ್ಲಿ ಮೂರು ಗಂಟೆ ಓಡಿದ್ದರೆ ಕೀಟೋನ್ ಇನ್ನೂ ಏರುತ್ತಿತ್ತು, ನಾನು ಮನೆಯಿಂದ ಎಲ್ಲೋ ದೂರದಲ್ಲಿ ಇರುತ್ತಿದ್ದೆ. ಅದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಯಂತ್ರದ ವಿಷಯಕ್ಕೆ ಬರುತ್ತೇನೆ. ಒಂದೇ ಮೀಟರ್, ಎರಡು ಥರದ ಸ್ಟ್ರಿಪ್. ಶುಗರ್ ಸ್ಟ್ರಿಪ್ ಹಾಕಿದರೆ 5 ಸೆಕೆಂಡಿಗೆ ಶುಗರ್, ಕೀಟೋನ್ ಸ್ಟ್ರಿಪ್ ಹಾಕಿದರೆ 10 ಸೆಕೆಂಡಿಗೆ ಕೀಟೋನ್. ಶುಗರ್ ಸ್ಟ್ರಿಪ್ ಕೂಡ ಓಟದಲ್ಲಿ ಬೇಕಾಗುತ್ತದೆ. ಸೆನ್ಸರ್ ಇರುವುದು ಚರ್ಮದ ಕೆಳಗಿನ ದ್ರವದಲ್ಲಿ, ರಕ್ತದಲ್ಲಿ ಅಲ್ಲ, ಹಾಗಾಗಿ ಶುಗರ್ ಬೇಗ ಇಳಿಯುತ್ತಿರುವಾಗ ಅದು ಐದು ಹತ್ತು ನಿಮಿಷ ಹಿಂದೆಯೇ ಇರುತ್ತದೆ. ಸೆನ್ಸರ್ 95 ಅಂದು ಕಾಲು ನಡುಗುತ್ತಿದ್ದರೆ ನಾನು ನಿಂತು ಬೆರಳು ಚುಚ್ಚುತ್ತೇನೆ. ಲೋ ಆಗಿದ್ದರೆ ಗ್ಲೂಕೋಸ್ ಮಾತ್ರೆ ತಿನ್ನುತ್ತೇನೆ, 15 ಗ್ರಾಂ, ಕೀಟೋ ಕೆಡುತ್ತದೆ ಅಂತ ಯೋಚನೆ ಮಾಡುವುದೇ ಇಲ್ಲ. ಕೀಟೋ ಮಾಡುವವರ ಲಿವರಿನಲ್ಲಿ ಗ್ಲೈಕೋಜೆನ್ (ಕೂಡಿಟ್ಟ ಗ್ಲೂಕೋಸ್) ಕಡಿಮೆ ಇರುತ್ತದೆ, ಅದನ್ನು ಬಿಡಿಸಿ ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಬೇರೆಯವರಿಗೆ ಕೆಲಸ ಮಾಡಿದಷ್ಟು ನಮಗೆ ಮಾಡದೇ ಇರಬಹುದು. ಜೇಬಿನಲ್ಲಿ ಗ್ಲೂಕೋಸ್ ಇರಲೇಬೇಕು.

ತೊಂದರೆಗಳೂ ಇವೆ. ಕೀಟೋನ್ ಸ್ಟ್ರಿಪ್ ದುಬಾರಿ, ಶುಗರ್ ಸ್ಟ್ರಿಪ್ಪಿಗಿಂತ ತುಂಬಾ ಜಾಸ್ತಿ, ಇದು ನಿಜವಾದ ಅಡ್ಡಿ. ರಕ್ತದ ಹನಿಯೂ ಸ್ವಲ್ಪ ದೊಡ್ಡದಿರಬೇಕು, ಸಾಲದಿದ್ದರೆ ಎರರ್ ಬಂದು ಒಂದು ಸ್ಟ್ರಿಪ್ ಹಾಳು. ಒಂದೊಂದು ಸ್ಟ್ರಿಪ್ಪೂ ಬೇರೆ ಬೇರೆ ಹಾಳೆಯಲ್ಲಿ ಸುತ್ತಿ ಬರುತ್ತದೆ, ತೇವಕ್ಕೆ ಕೆಡಬಾರದು ಅಂತ, ಒಳ್ಳೆಯದೇ, ಆದರೆ ಬೆವರಿದ ಕೈಯಲ್ಲಿ ಹರಿಯುವುದು ಕಷ್ಟ. ಚಳಿಯಲ್ಲಿ ಮೀಟರನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳದಿದ್ದರೆ ಓದುವುದೇ ಇಲ್ಲ. ಓಟದಲ್ಲಿ ತಿನ್ನುವ ಸಿಹಿ ಜೆಲ್ ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಶುಗರ್ ಅಂಕಿ ಸುಳ್ಳು ಹೇಳುತ್ತದೆ, ಇದು ಮೀಟರಿನ ತಪ್ಪಲ್ಲ ಬಿಡಿ.

ಮೂತ್ರದ ಸ್ಟ್ರಿಪ್ ಅಗ್ಗ ಅಲ್ವಾ, ಅದೇ ಸಾಕಲ್ಲ ಅಂತ ಕೆಲವರು ಕೇಳುತ್ತಾರೆ. ನಾನೂ ಮೊದಲ ವರ್ಷ ಅದನ್ನೇ ಬಳಸಿದೆ. ಅದು ಅಳೆಯುವುದು ಅಸಿಟೋಅಸಿಟೇಟ್ ಅನ್ನುವ ಕೀಟೋನನ್ನು. ಡಿಕೆಎಯಲ್ಲಿ ಮುಖ್ಯವಾಗಿ ಏರುವುದು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಅದನ್ನು ಅಳೆಯುವುದು ರಕ್ತದ ಸ್ಟ್ರಿಪ್. ಅದೂ ಅಲ್ಲದೆ ಮೂತ್ರ ತೋರಿಸುವುದು ಕೆಲವು ಗಂಟೆ ಹಿಂದಿನ ಕಥೆ. ಕೀಟೋ ಮಾಡುವವರಿಗೆ ಆ ಪಟ್ಟಿ ಹೇಗೂ ದಿನಾ ಬಣ್ಣ ತಿರುಗುತ್ತದೆ, ಅದರಿಂದ ಏನು ತಿಳಿಯಬೇಕು?

ಅಂಕಿ ಓದುವ ವಿಷಯದಲ್ಲಿ ಒಂದು ಮಾತು. 0.6ರ ಒಳಗಿದ್ದರೆ ಮಾಮೂಲಿ, 1.5 ದಾಟಿದರೆ ಎಚ್ಚರ, 3 ದಾಟಿದರೆ ತುರ್ತು ಅನ್ನುವುದು ಟೈಪ್ 1ರವರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ. ಕೀಟೋ ಮಾಡಿ ದೂರ ಓಡಿ ಬಂದವರಿಗೆ ಆರೋಗ್ಯವಾಗಿದ್ದಾಗಲೂ 1.2, 1.4 ಬರಬಹುದು, ನನಗೆ ಬರುತ್ತದೆ. ಅದಕ್ಕೇ ಮೊದಲ ತಿಂಗಳು ಬೆಳಿಗ್ಗೆ, ಓಟದ ಮುಂಚೆ, ಓಟದ ನಂತರ ಬರೆದಿಟ್ಟು ನಮ್ಮ ಮಾಮೂಲಿ ಅಂಕಿ ಯಾವುದು ಅಂತ ತಿಳಿದುಕೊಂಡು ಅದನ್ನು ಡಾಕ್ಟರಿಗೆ ತೋರಿಸಬೇಕು. ನನ್ನ 2.7 ನನಗೆ ಹೆದರಿಕೆ ಹುಟ್ಟಿಸಿದ್ದು ಆ ಮೂರು ವಾರದ ಪಟ್ಟಿ ಇದ್ದದ್ದರಿಂದ. ಗ್ಲಿಫ್ಲೋಜಿನ್ ಜಾತಿಯ ಮಾತ್ರೆ (ಶುಗರನ್ನು ಮೂತ್ರದಲ್ಲಿ ಹೊರಹಾಕುವ ಡಯಾಬಿಟಿಸ್ ಮಾತ್ರೆ) ತೆಗೆದುಕೊಳ್ಳುವವರು ಮಾತ್ರ ಕೀಟೋ ಹತ್ತಿರ ಸುಮ್ನೆ ಹೋಗಬೇಡಿ, ಶುಗರ್ ಏರದೆ ಬರುವ ಡಿಕೆಎಗೆ ಆ ಮಾತ್ರೆಯೇ ಒಂದು ಕಾರಣ, ಎರಡೂ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಕೀಟೋ ಇಲ್ಲದೆ ಟೈಪ್ 1ರವರು ದೂರ ಹೋಗಲಾರರು ಅಂತ ನಾನು ಹೇಳುತ್ತಿಲ್ಲ. ಟೀಮ್ ನೋವೋ ನಾರ್ಡಿಸ್ಕ್ ಅನ್ನುವ ವೃತ್ತಿಪರ ಸೈಕಲ್ ತಂಡದಲ್ಲಿ ಎಲ್ಲ ಸವಾರರೂ ಟೈಪ್ 1ರವರೇ, ಅಂಥ ರೇಸುಗಳಲ್ಲಿ ಗಂಟೆಗಟ್ಟಲೆ ಕಾರ್ಬ್ ತಿನ್ನುತ್ತಲೇ ತುಳಿಯುತ್ತಾರೆ. ನನಗೆ ಹೊಂದಿದ್ದು ಇದು. ನಿಮಗೆ ಬೇರೆ ಹೊಂದಬಹುದು.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ಸ್ಟ್ರಿಪ್ಪಿನ ಬೆಲೆಗೆ. ಈಗ ದಿನಾ ಅಳೆಯುವುದಿಲ್ಲ. ದೂರದ ಓಟದ ಬೆಳಿಗ್ಗೆ, ಕ್ಯಾನುಲಾ ಬದಲಿಸಿದ ಮರುದಿನ, ಹೊಟ್ಟೆ ತೊಳಸಿದಾಗ, ಜ್ವರ ಬಂದಾಗ ಅಳೆಯುತ್ತೇನೆ. ಓಟದ ಬೆಲ್ಟಿನಲ್ಲಿ ಮೂರು ಕೀಟೋನ್ ಸ್ಟ್ರಿಪ್ ಇರುತ್ತವೆ, ಹಾಳೆಯ ಅಂಚನ್ನು ಮನೆಯಲ್ಲೇ ಕತ್ತರಿಯಿಂದ ಚೂರು ಸೀಳಿಕೊಂಡಿರುತ್ತೇನೆ, ಒಳಗಿನ ಸ್ಟ್ರಿಪ್‌ಗೆ ಗಾಳಿ ತಾಗದಷ್ಟು ಮಾತ್ರ.