ಕ್ರಿಮಿನಲ್ ಜಸ್ಟಿಸ್ ಪದವಿಗೆ ಸಾಲ ತೆಗೆಯುವ ಮೊದಲು ಇದನ್ನು ಓದಿ

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದ ಮನೆಯವರೇ, ಮಗನೋ ಮಗಳೋ ಪೊಲೀಸ್ ಆಗುತ್ತೇನೆ ಅಂದರೆ ಬೇಡ ಅನ್ನಬೇಡಿ. ಆದರೆ ಅದಕ್ಕೆ ಕಮ್ಯುನಿಟಿ ಕಾಲೇಜಿನಲ್ಲಿ ಸಾಲ ಮಾಡಿ ಎರಡು ವರ್ಷ ಕ್ರಿಮಿನಲ್ ಜಸ್ಟಿಸ್, ಅಂದರೆ ಅಪರಾಧ ಮತ್ತು ನ್ಯಾಯದ ವಿಷಯ ಓದಲೇಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮಣ್ಣನ ಮಗ ನಂಬಿದ. ನಾವೂ ನಂಬಿದೆವು. ಕಾಲೇಜಿನ ಹೆಸರು ಬರೆಯುವುದಿಲ್ಲ, ಮಾತು ಎಲ್ಲ ಕಡೆ ಇದೇ.

ಕಾಲೇಜಿನವರು ಕೈಗೆ ಕೊಟ್ಟ ಕರಪತ್ರದಲ್ಲಿ ವರ್ಷದ ಸಂಬಳ ದಪ್ಪಕ್ಕೆ 69,160 ಡಾಲರ್ ಅಂತಿತ್ತು. ಅದರ ಕೆಳಗೆ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದಬೇಕಾದಷ್ಟು ಸಣ್ಣಗೆ, 'ಪೊಲೀಸ್ ಮತ್ತು ಡಿಟೆಕ್ಟಿವ್, 2022' ಅಂತ. ಅಂಕಿ ಸುಳ್ಳಲ್ಲ, ಅಮೆರಿಕ ಸರ್ಕಾರದ್ದೇ. ಆದರೆ ಅದು ಯಾರ ಸಂಬಳ? ಈಗಾಗಲೇ ಕೆಲಸದಲ್ಲಿರುವವರದ್ದು. ಇಪ್ಪತ್ತು ವರ್ಷ ಸರ್ವೀಸ್ ಆದವರನ್ನೂ ಸೇರಿಸಿ ಇಡೀ ದೇಶಕ್ಕೆ ತೆಗೆದ ನಡುವಿನ ಅಂಕಿ. ಈ ಪದವಿ ಮುಗಿಸಿದವರ ಸಂಬಳ ಅಲ್ಲವೇ ಅಲ್ಲ. ಮುಗಿಸಿದವರಲ್ಲಿ ಸೆಕ್ಯುರಿಟಿ ಗಾರ್ಡ್ ಆಗುವವರಿದ್ದಾರೆ, ಅಂಗಡಿಯಲ್ಲಿ ಕಳ್ಳತನ ಆಗದಂತೆ ಕಾಯುವವರಿದ್ದಾರೆ. ಅವರು ಯಾರೂ ಆ ಕರಪತ್ರದಲ್ಲಿಲ್ಲ.

"ನಿಮ್ಮಲ್ಲಿ ಓದಿದವರಲ್ಲಿ ಎಷ್ಟು ಜನ ಪೊಲೀಸ್ ಆದರು?" ಅಂತ ಕಾಲೇಜಿನವರನ್ನು ಕೇಳಿದೆ.

"ಅದು ವಿದ್ಯಾರ್ಥಿಯ ಶ್ರಮದ ಮೇಲಿದೆ."

"ಆಯ್ತು, ಎಷ್ಟು ಜನ?"

"ಆ ಲೆಕ್ಕ ನಾವು ಇಡುವುದಿಲ್ಲ."

ಲೆಕ್ಕ ಇಡುವುದಿಲ್ಲವಂತೆ! ಸಂಬಳದ ಅಂಕಿ ಅಚ್ಚು ಹಾಕಿಸಲು ಬರುತ್ತದೆ, ಇದೊಂದು ಲೆಕ್ಕ ಇಡಲು ಬರುವುದಿಲ್ಲ. ಈ ಪ್ರಶ್ನೆ ಸೇರುವ ಮೊದಲೇ ಕೇಳಬೇಕಿತ್ತು. ನಾವು ಕೇಳಿದ್ದು ಪದವಿ ಕೈಗೆ ಬಂದ ಮೇಲೆ.

ಈಗ ಸಾಲ. ಇದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಇಲ್ಲಿಯ ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ ಫೀಸು ಯೂನಿಟ್‌ಗೆ (ಓದನ್ನು ಅಳೆಯುವ ಲೆಕ್ಕ) 46 ಡಾಲರ್. ಪದವಿಗೆ 60 ಯೂನಿಟ್. ಗುಣಿಸಿ ನೋಡಿ, 2,760 ಡಾಲರ್. ಕಡಿಮೆ ಆದಾಯದವರಿಗೆ ಅದೂ ಮನ್ನಾ. ಹುಡುಗನ ಮೇಲೆ ಈಗ ಇರುವ ಸಾಲ 12,000! ಹೇಗೆ ಅಂದರೆ, ಕಾಲೇಜು ಕಳಿಸಿದ ನೆರವಿನ ಪತ್ರದಲ್ಲಿ ತೀರಿಸಬೇಕಿಲ್ಲದ ಪೆಲ್ ಗ್ರಾಂಟ್, ತೀರಿಸಲೇಬೇಕಾದ ಸಾಲ, ಎರಡೂ ಒಂದೇ ಪಟ್ಟಿಯಲ್ಲಿ ಕೆಳಗೆ ಕೆಳಗೆ. 'ಡೈರೆಕ್ಟ್ ಸಬ್', 'ಡೈರೆಕ್ಟ್ ಅನ್‌ಸಬ್' ಅಂತ ಬರೆದಿತ್ತು, ಲೋನ್ ಅನ್ನುವ ಪದವೇ ಇಲ್ಲ. ಕೊನೆಗೆ ಎಲ್ಲ ಕೂಡಿಸಿ 'ಒಟ್ಟು ನೆರವು'. ಒಪ್ಪಿಕೊಳ್ಳಲು ಒಂದೇ ಬಟನ್. ಒತ್ತಿದ. ಮೊದಲ ವರ್ಷ 5,500, ಎರಡನೆಯ ವರ್ಷ 6,500. ತಂದೆತಾಯಿ ಆಸರೆಯಲ್ಲಿರುವ ವಿದ್ಯಾರ್ಥಿಗೆ ಫೆಡರಲ್ ಸಾಲದ ಮಿತಿಯೇ ಅಷ್ಟು. ಮಿತಿ ಮುಟ್ಟುವವರೆಗೂ ಕೊಟ್ಟಿದ್ದಾರೆ. ಇದರಲ್ಲಿ ಅನ್‌ಸಬ್, ಅಂದರೆ ಓದುವಾಗಲೂ ಸರ್ಕಾರ ಬಡ್ಡಿ ಕಟ್ಟದ ಭಾಗ 4,000, ಅದಕ್ಕೆ ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ.

ಇದನ್ನು ಕೇಳಿದ್ದಕ್ಕೆ ಕಾಲೇಜಿನಿಂದ ಬಂದ ಉತ್ತರ: "ಸರ್ಕಾರಿ ಕೆಲಸಕ್ಕೆ ಸೇರಿದರೆ ಸಾಲ ಮನ್ನಾ ಆಗುತ್ತದಲ್ಲ." ಆ ಮನ್ನಾ ಸಿಗುವುದು 120 ಕಂತು ಕಟ್ಟಿದ ಮೇಲೆ. ಮಾಮೂಲಿ ಪ್ಲಾನ್‌ನಲ್ಲಿ ಸಾಲ ತೀರುವುದೂ 120 ಕಂತಿಗೇ. ಮನ್ನಾ ಮಾಡಲು ಉಳಿಯುವುದು ಏನು?

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಆಗಲು ರಾಜ್ಯ ಕೇಳುವುದು ಹೈಸ್ಕೂಲು ಮತ್ತು 21 ವಯಸ್ಸು. ಆಮೇಲೆ ಅಕಾಡೆಮಿ, ಅಂದರೆ ಕನಿಷ್ಠ 664 ಗಂಟೆಯ ಪೊಲೀಸ್ ತರಬೇತಿ. ಎರಡು ವರ್ಷದ ಪದವಿ ಆ ಅಕಾಡೆಮಿಗೆ ಬದಲಿ ಅಲ್ಲ. ಪೊಲೀಸ್ ಇಲಾಖೆ ಮೊದಲೇ ಆಯ್ಕೆ ಮಾಡಿಕೊಂಡರೆ ಅಕಾಡೆಮಿಯಲ್ಲಿ ಸಂಬಳ ಕೊಟ್ಟು ಕಲಿಸುತ್ತದೆ. ಸ್ವಂತ ದುಡ್ಡಲ್ಲಿ ಸೇರಿದರೆ ಬೂಟು, ಬೆಲ್ಟು, ಸಮವಸ್ತ್ರ ಎಲ್ಲ ನಿಮ್ಮದೇ ಖರ್ಚು. ಹಿನ್ನೆಲೆ ತಪಾಸಣೆಯ ಫಾರಂನಲ್ಲಿ ಬಾಕಿ ಬಿದ್ದ ಸಾಲದ ಬಗ್ಗೆಯೂ ಕೇಳುತ್ತಾರೆ. ಪೊಲೀಸ್ ಆಗಲು ಮಾಡಿದ ಸಾಲದ ಕಂತು ತಪ್ಪಿತೋ, ಅದೇ ಸಾಲ ಪೊಲೀಸ್ ಆಗಲು ಅಡ್ಡ ಬರಬಹುದು.

ಓದಿಸಲೇಬೇಕು ಅನ್ನುವವರು 'ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್'ನಲ್ಲಿ (ಇದೇ ವಿಷಯಕ್ಕೆ ಇಲ್ಲಿಯ ಕಾಲೇಜುಗಳ ಹೆಸರು) ಟ್ರಾನ್ಸ್‌ಫರ್ ಪದವಿಯನ್ನೇ ಹಿಡಿಯಿರಿ, ಅಂದರೆ ಎಎಸ್-ಟಿ. ಕೊನೆಯ ಆ 'ಟಿ' ಇದ್ದರೆ ಕ್ಯಾಲ್ ಸ್ಟೇಟ್‌ನಲ್ಲಿ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಎಲ್ಲಾದರೂ ಒಂದು ಕಡೆ ಸೀಟು ಖಚಿತ, ಅಲ್ಲಿ ಬ್ಯಾಚುಲರ್ ಪದವಿಗೆ ಇನ್ನು 60 ಯೂನಿಟ್ ಸಾಕು. ನಮ್ಮ ಹುಡುಗನನ್ನು ಕೂರಿಸಿದ್ದು 'ಟಿ' ಇಲ್ಲದ ಪದವಿಯಲ್ಲಿ. "ಎರಡೂ ಒಂದೇ" ಅಂದಿದ್ದರು. ಒಂದೇ ಅಲ್ಲ.

ಓದಿದವರ ಸಂಬಳ, ಸಾಲದ ಅಂಕಿ ತೋರಿಸುವ ಸರ್ಕಾರದ ವೆಬ್‌ಸೈಟ್ ಕಾಲೇಜ್ ಸ್ಕೋರ್‌ಕಾರ್ಡ್ ನೋಡಿ, ಆದರೆ ಅಲ್ಲಿರುವುದೆಲ್ಲ ಪೂರ್ತಿ ಚಿತ್ರ ಅಂದುಕೊಳ್ಳಬೇಡಿ. ಸಂಬಳದ ಅಂಕಿಯಲ್ಲಿ ಫೆಡರಲ್ ನೆರವು ಪಡೆದವರು ಮಾತ್ರ ಇದ್ದಾರೆ. ಸಾಲದ ಅಂಕಿಯಲ್ಲಿ ಸಾಲ ಮಾಡಿ ಪದವಿ ಮುಗಿಸಿದವರು ಮಾತ್ರ. ಅರ್ಧಕ್ಕೆ ಬಿಟ್ಟು ಬರೀ ಸಾಲ ಹೊತ್ತು ಹೋದವರು ಅದರಲ್ಲಿಲ್ಲ, ಖಾಸಗಿ ಬ್ಯಾಂಕಿನ ಸಾಲವೂ ಇಲ್ಲ. ನೆರವಿನ ಪತ್ರ ಬಂದಾಗ ಗ್ರಾಂಟ್ ಒಂದು ಕಡೆ, ಸಾಲ ಒಂದು ಕಡೆ ಪೆನ್ನಿನಲ್ಲಿ ಬರೆದುಕೊಳ್ಳಿ. ಬೇಡದ ಸಾಲವನ್ನು ನಿರಾಕರಿಸಬಹುದು, ಕಡಿಮೆಯೂ ಮಾಡಿಸಬಹುದು. ಇದನ್ನೂ ನಮಗೆ ಯಾರೂ ಹೇಳಲಿಲ್ಲ.

ಅವನ ಪದವಿ ಮುಗಿದದ್ದು 2025ರ ಮೇನಲ್ಲಿ. ಆರು ತಿಂಗಳ ವಿನಾಯಿತಿ ಕಳೆದು ನವೆಂಬರ್‌ನಿಂದ ಕಂತು, ತಿಂಗಳಿಗೆ 135-140 ಡಾಲರ್, ಹತ್ತು ವರ್ಷ. ಆ ನವೆಂಬರ್‌ಗೆ ಅವನಿಗಿನ್ನೂ 21 ತುಂಬಿರಲಿಲ್ಲ.