ಹಳೆ ಮೆಟಲ್ ಕ್ಲಾರಿನೆಟ್ ಕೊಳ್ಳುವವರೇ, ‘ಎಚ್‌ಪಿ’ ಅಚ್ಚು ನೋಡಿ

ಮುಂಬೈಯ ಚೋರ್ ಬಜಾರ್‌ನಲ್ಲಿ ಹಳೆ ಮೆಟಲ್ ಕ್ಲಾರಿನೆಟ್ ಹುಡುಕುತ್ತಿರುವವರು ದುಡ್ಡು ಕೊಡುವ ಮೊದಲು ಇದನ್ನು ಓದಿ. ಡೊಂಬಿವಲಿಯ ನಮ್ಮ ಕನ್ನಡ ವಾದ್ಯಗೋಷ್ಠಿಗೆ ಅಂತ ನಾನು ಒಂದನ್ನು ತಂದೆ. ‘ಅಸಲಿ ಚಾಂದಿ, ಅಮೆರಿಕದ್ದು, ಸುರ್ ಏಕ್‌ದಮ್ ಪಕ್ಕಾ’ ಅಂದಿದ್ದ ಅಂಗಡಿಯವನು. ಅಮೆರಿಕದ್ದು ಅನ್ನೋದಷ್ಟೇ ನಿಜ.

ಅಲ್ಲೇ ಊದಿಯೂ ತೋರಿಸಿದ. ಚೆನ್ನಾಗೇ ಕೇಳಿಸಿತು. ಒಂಟಿಯಾಗಿ ಊದಿದರೆ ಅದರ ಸ್ವರಗಳು ಒಂದಕ್ಕೊಂದು ಹೊಂದುತ್ತವೆ, ಮೋಸ ಇರುವುದೇ ಅಲ್ಲಿ. ಕೀಬೋರ್ಡ್ ಜೊತೆ ಕೂತಾಗ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ಕೊಳವೆಗೆ ಸುತ್ತಿದ್ದ ಕಪ್ಪು ಟೇಪ್ ಬಿಚ್ಚಿದರೆ ಕೆಳಗೆ ‘ಎಚ್‌ಪಿ’ ಅಂತ ಅಚ್ಚು. ಹೈ ಪಿಚ್, ಅಂದರೆ ಈಗಿನದಕ್ಕಿಂತ ಎತ್ತರದ ಶ್ರುತಿಗೆ ಮಾಡಿದ ವಾದ್ಯ!

ಈಗ ಹೆಚ್ಚಿನವರು ‘ಎ’ ಸ್ವರವನ್ನು 440 ಹರ್ಟ್ಜ್‌ಗೆ ಇಡುತ್ತಾರೆ. ಹಿಂದೆ ಬ್ರಿಟಿಷ್ ಮಿಲಿಟರಿ ಬ್ಯಾಂಡ್‌ಗಳಲ್ಲಿ ಅದು 452ರ ಆಸುಪಾಸು, ಅಮೆರಿಕದಲ್ಲಿ 457ರವರೆಗೂ ಇತ್ತು. 457 ಅಂದರೆ ಸುಮಾರು 65 ಸೆಂಟ್ ಮೇಲೆ. ಪಕ್ಕಪಕ್ಕದ ಎರಡು ಸ್ವರಗಳ ಅಂತರಕ್ಕೆ (ಸೆಮಿಟೋನ್) 100 ಸೆಂಟ್, ಅಂದರೆ ಅದರ ಅರ್ಧಕ್ಕಿಂತ ಜಾಸ್ತಿ. ತಮಾಷೆ ನೋಡಿ, ಬಿ ಫ್ಲಾಟ್ ಬರಬೇಕಾದ ಕಡೆ ಟ್ಯೂನರ್ (ಶ್ರುತಿ ಅಳೆಯುವ ಸಾಧನ) ಅದರ ಮೇಲಿನ ಸ್ವರ ಹಿಡಿದು ‘ಬಿ, 35 ಸೆಂಟ್ ಕಮ್ಮಿ’ ಅಂತ ತೋರಿಸುತ್ತೆ. ಗೊತ್ತಿಲ್ಲದವರು ಶ್ರುತಿ ಇಳಿದಿದೆ ಅಂದುಕೊಳ್ಳುತ್ತಾರೆ.

ಅಂಗಡಿಯವನಿಗೆ ಫೋನ್ ಮಾಡಿದರೆ ‘ಬ್ಯಾರೆಲ್ (ಮೌತ್‌ಪೀಸ್ ಕೆಳಗಿನ ಗಿಡ್ಡ ತುಂಡು) ಸ್ವಲ್ಪ ಎಳೆಯಿರಿ’ ಅಂದ. ಸುಮ್ನೆ ಮಾತು. ಬ್ಯಾರೆಲ್ ಎಳೆದರೆ ಕಡಿಮೆ ರಂಧ್ರ ಮುಚ್ಚಿ ಊದುವ ಸ್ವರಗಳು ತುಂಬ ಇಳಿಯುತ್ತವೆ, ಎಲ್ಲ ರಂಧ್ರ ಮುಚ್ಚಿ ಊದುವ ಸ್ವರಗಳು ಅಷ್ಟಾಗಿ ಇಳಿಯುವುದಿಲ್ಲ. ಇಡೀ ಸ್ಕೇಲ್ ಕೆಡುತ್ತೆ. ರಂಧ್ರಗಳ ಜಾಗವನ್ನೇ ಬದಲಿಸಬೇಕು, ಅದನ್ನು ಯಾರು ಮಾಡುತ್ತಾರೆ? ದುಡ್ಡು ವಾಪಸ್ ಕೇಳಿದ್ದಕ್ಕೆ ಫೋನ್ ಎತ್ತುವುದನ್ನೇ ನಿಲ್ಲಿಸಿದ.

ಚಾಂದಿಯ ಕಥೆಯೂ ಅಷ್ಟೇ. ಒಳಗಿರುವುದು ಜರ್ಮನ್ ಸಿಲ್ವರ್, ಅಂದರೆ ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಬೆಳ್ಳಿಯ ಹೆಸರು ಮಾತ್ರ.

ಲೋಹದ್ದು ಅಂದರೆ ತಗಡಿನ ಸದ್ದು ಅಂತ ಬೈಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಕೆಟ್ಟ ಹೆಸರು ಬಂದದ್ದು 1920–40ರ ದಶಕಗಳಲ್ಲಿ ಶಾಲಾ ಬ್ಯಾಂಡ್‌ಗಳಿಗಾಗಿ ಮಾಡಿದ ಅಗ್ಗದ ಮಾಲಿನಿಂದ. ನಾದವನ್ನು ನಿರ್ಧರಿಸುವುದು ಹೆಚ್ಚಾಗಿ ಒಳಕೊಳವೆಯ ಅಳತೆ, ಮೌತ್‌ಪೀಸ್, ರಂಧ್ರ ಮುಚ್ಚುವ, ಗಾಳಿ ಸೋರದ ಪ್ಯಾಡ್‌ಗಳು.

ಹಾಗಾಗಿ ‘ಎಲ್‌ಪಿ’ (ಲೋ ಪಿಚ್, ಈಗಿನ ಶ್ರುತಿಗೆ ಹತ್ತಿರದ್ದು) ಅಂತ ಅಚ್ಚಿರುವುದು ಸಿಕ್ಕರೆ ಧೈರ್ಯವಾಗಿ ನೋಡಿ. ಅಚ್ಚೇ ಇಲ್ಲದವೂ ಇರುತ್ತವೆ. ಟೇಪ್ ಇದ್ದರೆ ಬಿಚ್ಚಿಸಿ. ಲೋಹ ಬೇಗ ತಣ್ಣಗಾಗುತ್ತೆ, ತಣ್ಣಗಿದ್ದಾಗ ಶ್ರುತಿ ಕೆಳಗೆ ತೋರಿಸುತ್ತೆ. ಅದಕ್ಕೇ ಸ್ವಲ್ಪ ಹೊತ್ತು ಊದಿ ಬಿಸಿ ಮಾಡಿ, ಆಮೇಲೆ ಮೊಬೈಲ್ ಟ್ಯೂನರ್ ಇಟ್ಟು ಒಂದೇ ಸ್ವರ ಅಲ್ಲ, ಕೆಳಗಿನಿಂದ ಮೇಲಿನವರೆಗೆ ನೋಡಿ. ಅಂಗಡಿಯವನು ಬೇಡ ಅಂದರೆ ಎದ್ದು ಬನ್ನಿ.